ಕಿರಣ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು
ಗರ್ಭಕಂಠದ ಕ್ಯಾನ್ಸರಿಗೆ ಗುರಿಯಾದ ಹೆಂಗಸರಿಗೂ ಅವರ ಮನೆಯವರಿಗೂ ತಿಳಿಯಹೇಳಬೇಕಾದ ಮಾತುಗಳು

ಊರಿನಿಂದ ಮಡದಿಯನ್ನು ಚಿಕಿತ್ಸೆಗೆಂದು ಮುಂಬಯಿಗೆ ಕರೆತಂದ ಹೋಟೆಲು ಕಾರ್ಮಿಕನೊಬ್ಬನ ಪರಿಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬಹುದು. ತಾನು ಮಲಗುವುದು ಹೋಟೆಲಿನ ಮಾಳಿಗೆಯ ಮೇಲೆ. ಆಕೆಯನ್ನು ಇಳಿಸಿರುವುದು ದೂರದ ಉಪನಗರದಲ್ಲಿ, ನೆಂಟರ ಒಂದೇ ಕೋಣೆಯ ಬಿಡಾರದಲ್ಲಿ. ಬೆಳಗಿನ ಪಾಳಿಯನ್ನು ಜೊತೆಯವನೊಬ್ಬನಿಗೆ ಒಪ್ಪಿಸಿ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಆಕೆಯನ್ನು ಕಾಪಾಡಿಕೊಂಡು ಆತನು ದಿನವೂ ಆಸ್ಪತ್ರೆಗೆ ಹೋಗಬೇಕು. ಬಂದಾಗ ಆಕೆಗೆ ವಿಪರೀತ ರಕ್ತಸ್ರಾವ. ಚಿಕಿತ್ಸೆ ಆರಂಭವಾಗಿ ಎರಡು ವಾರಗಳಾಗುವಷ್ಟರಲ್ಲಿ ಸ್ರಾವ ನಿಂತಿತು, ವಾಸನೆ ಅಡಗಿತು. ಆದರೆ ಅದೇ ಹೊತ್ತಿಗೆ ಹೊಟ್ಟೆ ಕೆಟ್ಟಿತು, ಬಾಯಿಗೆ ರುಚಿ ಇಲ್ಲವಾಯಿತು. "ರೋಗ ವಾಸಿಯಾಯಿತಲ್ಲ, ಇನ್ನೇಕೆ ಈ ಕರೆಂಟು? ಇದರಿಂದಲೇ ನನ್ನ ಹೊಟ್ಟೆ ಕೆಡುತ್ತಿದೆ. ಊರಿಗೆ ಹೋಗುವ," ಎಂದು ಆಕೆ ಹೇಳುತ್ತಾಳೆ. ಮಕ್ಕಳು ಊರಿನಲ್ಲಿ ಅಜ್ಜಿಯ ಬಳಿ ಇದ್ದಾರೆ. ರಜೆ ಮುಗಿಯುತ್ತ ಬಂದಿದೆ, ಸಾಲ ಬೆಳೆಯುತ್ತಿದೆ. ಆತನೂ ಹೂಂಗುಟ್ಟುತ್ತಾನೆ. ಇಬ್ಬರೂ ರೈಲು ಹತ್ತುತ್ತಾರೆ.

ಕೆಲವು ತಿಂಗಳುಗಳ ತರುವಾಯ ರೋಗವು ಮತ್ತೆ ತಲೆ ಎತ್ತುತ್ತದೆ. ಆಗ ಆಸ್ಪತ್ರೆಗೆ ಮರಳಿದರೆ, ಮೊದಲು ಸುಲಭವಾಗಿದ್ದುದು ಈಗ ಕಷ್ಟಸಾಧ್ಯ ಅಥವಾ ಅಸಾಧ್ಯವಾಗಿರುತ್ತದೆ. ಒಮ್ಮೆ ಕಿರಣ ಹಾಯಿಸಿದ ಜಾಗಕ್ಕೆ ಅಷ್ಟೇ ಪ್ರಮಾಣದ ಕಿರಣವನ್ನು ಮತ್ತೊಮ್ಮೆ ಹಾಯಿಸಲು ಬರುವುದಿಲ್ಲ.

ಇಲ್ಲಿ ತಪ್ಪು ಯಾರದು? ಆ ದಂಪತಿಗಳನ್ನು ದೂರುವುದು ಸುಲಭ. ಆದರೆ ರಕ್ತ ನಿಂತುದು ರೋಗ ವಾಸಿಯಾದುದರ ಗುರುತಲ್ಲವೆಂಬ ಒಂದು ಮಾತನ್ನು, ಆಕೆಗೆ ತಿಳಿಯುವ ಭಾಷೆಯಲ್ಲಿ, ಯಾರಾದರೂ ಕುಳಿತು ಹೇಳಿದ್ದರೆ ಆಕೆ ಗಾಡಿ ಹತ್ತುತ್ತಿದ್ದಳೇ? ಈ ರೋಗದಲ್ಲಿ ತಿಳಿವಳಿಕೆಯೂ ಔಷಧದ ಒಂದು ಭಾಗವೇ ಸರಿ.

ರೋಗವೂ ಅದರ ಮದ್ದೂ

ಗರ್ಭಕೋಶದ ಕೆಳತುದಿಗೆ ಗರ್ಭಕಂಠವೆಂದು ಹೆಸರು. ಅಲ್ಲಿ ಹುಟ್ಟುವ ಕ್ಯಾನ್ಸರು ನಮ್ಮ ದೇಶದ ಹೆಂಗಸರನ್ನು ಬಹಳವಾಗಿ ಕಾಡುವ ರೋಗಗಳಲ್ಲಿ ಒಂದು. 2022ನೆಯ ಇಸವಿಯ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಈ ರೋಗ ಹೊಸದಾಗಿ ತಗಲಿತು. ಸುಮಾರು 80 ಸಾವಿರ ಮಂದಿ ಇದರಿಂದ ತೀರಿಕೊಂಡರು. ತೀರ ಮೊದಲಲ್ಲಿಯೇ ಪತ್ತೆಯಾದರೆ ಶಸ್ತ್ರಕ್ರಿಯೆಯಿಂದ ಗುಣಪಡಿಸಬಹುದು. ಆದರೆ ನಮ್ಮ ಹೆಂಗಸರು ನಾಚಿಕೆಯಿಂದಲೂ ಮನೆಗೆಲಸದ ನಡುವೆಯೂ ದಿನ ದೂಡಿ, ರೋಗ ಬಲಿತ ಮೇಲೆ ಬರುವುದೇ ಹೆಚ್ಚು. ಅಂಥವರಿಗೆ ಮುಖ್ಯವಾದ ಮದ್ದು ಕಿರಣ ಚಿಕಿತ್ಸೆ.

ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ. ರಾಂಟ್‌ಜೆನ್ನನು ಕ್ಷ-ಕಿರಣಗಳನ್ನು ಕಂಡುಹಿಡಿದುದು 1895ರಲ್ಲಿ. ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಕಂಡುಹಿಡಿದುದು 1898ರಲ್ಲಿ. ಇಪ್ಪತ್ತನೆಯ ಶತಮಾನದ ಆದಿಯಿಂದಲೇ ಗರ್ಭಕಂಠದ ರೋಗಕ್ಕೆ ರೇಡಿಯಮ್ಮಿನ ಬಳಕೆಯಾಗಿದೆ. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರಗಳಿಂದ ರೋಗಿಗಳಿಗೆ ಚಿಕಿತ್ಸೆ ಆರಂಭವಾಯಿತು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ಬಾಗಿಲು ತೆರೆದುದು 1941ರಲ್ಲಿ. ಶತಮಾನಕ್ಕೂ ಮಿಕ್ಕ ಅನುಭವ ಈ ಚಿಕಿತ್ಸೆಯ ಹಿಂದಿದೆ.

ಆ ಆಸ್ಪತ್ರೆಯ ವೈದ್ಯರೇ ನಡೆಸಿದ ಒಂದು ದೊಡ್ಡ ಪರೀಕ್ಷೆಯ ಫಲ 2018ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು ಮೂರನೆಯ ಘಟ್ಟಕ್ಕೆ ಮುಟ್ಟಿದ್ದ 850 ಮಂದಿ ಹೆಂಗಸರು. ಕಿರಣವನ್ನು ಮಾತ್ರ ಪಡೆದವರಲ್ಲಿ ನೂರಕ್ಕೆ 46 ಮಂದಿ ಐದು ವರ್ಷಗಳ ತರುವಾಯವೂ ಬದುಕಿದ್ದರು. ಕಿರಣದೊಂದಿಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನೂ ಪಡೆದವರಲ್ಲಿ ನೂರಕ್ಕೆ 54 ಮಂದಿ. ಮೂರನೆಯ ಘಟ್ಟವೆಂದ ಕೂಡಲೇ ಕೈಚೆಲ್ಲುವವರು ಈ ಅಂಕಿಗಳನ್ನು ಗಮನಿಸಬೇಕು. ಅಷ್ಟು ಮುಂದುವರಿದ ರೋಗದಲ್ಲಿಯೂ ಕಿರಣ, ಔಷಧ ಎರಡನ್ನೂ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿದರು.

ಕರೆಂಟೂ ಅಲ್ಲ, ಶಾಖವೂ ಅಲ್ಲ

ನಮ್ಮ ಊರುಗಳಲ್ಲಿ ಈ ಚಿಕಿತ್ಸೆಗೆ ‘ಕರೆಂಟ್ ಕೊಡುವುದು’ ಎಂದು ಹೇಳುವ ರೂಢಿ ಉಂಟು. ಹಿಂದಿಯವರು ‘ಸಿಕಾಯಿ’ ಎನ್ನುತ್ತಾರೆ. ಶಾಖ ಕೊಡುವುದೆಂದು ಅದರ ಅರ್ಥ. ಎರಡೂ ಸರಿಯಲ್ಲ. ಕರೆಂಟ್ ಎಂಬ ಮಾತು ಕಿವಿಗೆ ಬಿದ್ದೊಡನೆ ತಂತಿ ಮುಟ್ಟಿ ಸತ್ತವರ ನೆನಪಾಗಿ ಹೆಂಗಸು ನಡುಗುತ್ತಾಳೆ. ವಾಸ್ತವವಾಗಿ ಆಕೆಯ ಮೈಗೆ ವಿದ್ಯುತ್ತು ತಾಗುವುದಿಲ್ಲ, ಕಾವು ತಟ್ಟುವುದಿಲ್ಲ, ನೋವೂ ಆಗುವುದಿಲ್ಲ. ಎದೆಯ ಫೋಟೋ ತೆಗೆಯುವಾಗ ಕ್ಷ-ಕಿರಣ ಮೈಯ ಮೂಲಕ ಹಾಯ್ದುಹೋಗುವುದು ನಮಗೆ ಅರಿವಾಗುವುದೇ? ಇದೂ ಹಾಗೆಯೇ, ಕಿರಣದ ಬಲ ಮಾತ್ರ ಬಹಳ ಹೆಚ್ಚು.

ಬಲವುಳ್ಳ ಈ ಕಿರಣವು ಜೀವಕೋಶಗಳ ಒಳತಿರುಳನ್ನು ಕೆಡಿಸಿ, ಅವು ಒಂದು ಎರಡಾಗಿ ಬೆಳೆಯುವ ಶಕ್ತಿಯನ್ನು ಮುರಿಯುತ್ತದೆ. ಪಕ್ಕದ ಆರೋಗ್ಯವಂತ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಆದರೆ ಅವು ಮರುದಿನದೊಳಗಾಗಿ ತಮ್ಮನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತವೆ. ರೋಗದ ಕೋಶಗಳಿಗೆ ಆ ಸಾಮರ್ಥ್ಯ ಕಡಿಮೆ. ಆದುದರಿಂದಲೇ ಇಡೀ ಪ್ರಮಾಣವನ್ನು ಒಂದೇ ದಿನ ಕೊಡದೆ, ದಿನಕ್ಕಿಷ್ಟೆಂದು ಹಂಚಿ, ವಾರಕ್ಕೆ ಐದು ದಿನಗಳಂತೆ ಸುಮಾರು ಐದು ವಾರ ಕೊಡುತ್ತಾರೆ. ಇದು ಹೊರಗಿನ ಕಿರಣ. ಇದಾದ ಮೇಲೆ, ಕೆಲವೆಡೆ ಇದರ ಕೊನೆಯ ದಿನಗಳಲ್ಲಿಯೇ, ಒಳಗಿನ ಕಿರಣ. ಎರಡೂ ಸೇರಿ ಎಂಟು ವಾರಗಳೊಳಗೆ ಮುಗಿಯಬೇಕೆಂಬುದು ತಜ್ಞರ ನಿಯಮ. ನಡುವೆ ಬಿಡುವು ಸಿಕ್ಕರೆ ಅಳಿದುಳಿದ ರೋಗಕೋಶಗಳು ಮತ್ತೆ ಬೆಳೆಯತೊಡಗುತ್ತವೆ.

ಬೇಸಾಯ ಬಲ್ಲವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಳೆಯ ತಲೆಯನ್ನು ಕೊಯ್ದರೆ ಗದ್ದೆ ಹಸನಾದಂತೆ ಕಾಣುತ್ತದೆ; ಬೇರು ಮಣ್ಣಿನಲ್ಲಿಯೇ ಇರುತ್ತದೆ. ರಕ್ತ ನಿಲ್ಲುವುದೆಂದರೆ ಕಳೆಯ ತಲೆ ಬಿದ್ದಂತೆ. ಬೇರು ಕೀಳುವ ಕೆಲಸ ಅಲ್ಲಿಂದ ಮುಂದೆ. ಆದುದರಿಂದ ಚೌತಿಯೆಂದೋ, ಊರ ಜಾತ್ರೆಯೆಂದೋ, ತಂಗಿಯ ಮದುವೆಯೆಂದೋ ನಾಲ್ಕು ದಿನ ಊರಿಗೆ ಹೋಗಿಬರುವ ಯೋಚನೆ ಸಲ್ಲದು.

ದಿನದಿನದ ಕ್ರಮ

ಮೊದಲ ದಿನಗಳಲ್ಲಿ ಚಿಕಿತ್ಸೆ ಇರುವುದಿಲ್ಲ, ಅಳತೆ ಇರುತ್ತದೆ. ಸ್ಕ್ಯಾನ್ ತೆಗೆದು, ಕಿರಣ ಬೀಳಬೇಕಾದ ಜಾಗವನ್ನು ಗೊತ್ತುಮಾಡಿ, ಹೊಟ್ಟೆಯ ಮೇಲೂ ಸೊಂಟದ ಪಕ್ಕಗಳಲ್ಲಿಯೂ ಗುರುತು ಹಾಕುತ್ತಾರೆ. ಆ ಗುರುತನ್ನು ತಿಕ್ಕಿ ತೊಳೆಯಕೂಡದು. ಮಾಸಿದರೆ ತಾವಾಗಿ ತಿದ್ದಿ ಬರೆಯಲೂಕೂಡದು, ಆಸ್ಪತ್ರೆಯವರಿಗೆ ಹೇಳಬೇಕು.

ಅನೇಕ ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆ ಮುನ್ನ ಮೂತ್ರ ವಿಸರ್ಜಿಸಿ, ಗೊತ್ತಾದ ಅಳತೆಯ ನೀರು ಕುಡಿದು, ಗೊತ್ತಾದಷ್ಟು ಹೊತ್ತು ಕಾಯಬೇಕೆಂದು ವಿಧಿಸುತ್ತಾರೆ. ಇದು ಸುಮ್ಮನೆ ಕೊಡುವ ಕಷ್ಟವೆಂದು ರೋಗಿಗಳು ಗೊಣಗುವುದುಂಟು. ಕಾರಣ ತಿಳಿದರೆ ಗೊಣಗುವುದಿಲ್ಲ. ಮೂತ್ರಕೋಶ ತುಂಬಿದ್ದರೆ ಸಣ್ಣಕರುಳು ಮೇಲಕ್ಕೆ ಸರಿದು, ಕಿರಣದ ದಾರಿಯಿಂದ ಬಹುಮಟ್ಟಿಗೆ ತಪ್ಪಿಕೊಳ್ಳುತ್ತದೆ. ಆಕೆ ಕುಡಿಯುವ ಆ ನೀರು ಆಕೆಯ ಕರುಳಿಗೆ ಕಾವಲು.

ಯಂತ್ರದ ಕೋಣೆಯಲ್ಲಿ ಆಕೆ ಒಬ್ಬಳೇ ಅಲುಗಾಡದೆ ಮಲಗಬೇಕು. ಹತ್ತು ಹದಿನೈದು ನಿಮಿಷಗಳ ಕೆಲಸ. ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚುವುದನ್ನು ಕಂಡು ಮೊದಲ ದಿನ ಎದೆ ಡವಗುಟ್ಟುವುದು ಸಹಜ. ಸಿಬ್ಬಂದಿಯವರು ಹೊರಗಿನಿಂದ ಕ್ಯಾಮೆರಾದಲ್ಲಿ ಆಕೆಯನ್ನು ನೋಡುತ್ತಲೇ ಇರುತ್ತಾರೆ. ಬೇಕಾದರೆ ಯಂತ್ರವನ್ನು ನಿಲ್ಲಿಸಿ ಒಳಗೆ ಬರುತ್ತಾರೆ. ಇಷ್ಟನ್ನು ಮೊದಲೇ ಹೇಳಿಟ್ಟರೆ ಅಂಜಿಕೆ ಅರ್ಧವಾಗುತ್ತದೆ.

ಎರಡನೆಯ ಮೂರನೆಯ ವಾರದಿಂದ ಆಯಾಸ, ಭೇದಿ, ಉರಿಮೂತ್ರ ಕಾಣಿಸಿಕೊಳ್ಳಬಹುದು. ಇವು ರೋಗ ಹೆಚ್ಚಿದ ಲಕ್ಷಣಗಳಲ್ಲ, ಚಿಕಿತ್ಸೆಯ ಪರಿಣಾಮಗಳು. ಬಹುತೇಕ ಮಂದಿಗೆ ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಅಡಗುತ್ತವೆ. ಮಾತ್ರೆಗಳುಂಟು, ಕೇಳಿ ಪಡೆಯಬೇಕು. ಹೆಂಗಸರು ನಾಚಿಕೊಂಡು ಭೇದಿಯ ವಿಷಯವನ್ನು ಹೇಳದೆ ನರಳುವುದು ತಪ್ಪು. ಭೇದಿ ಮಿತಿಮೀರಿದರೆ, ಜ್ವರ ಬಂದರೆ, ಮೂತ್ರ ಕಡಿಮೆಯಾದರೆ, ರಕ್ತ ಮತ್ತೆ ಹೆಚ್ಚಾಗಿ ಹೋದರೆ ಅದೇ ದಿನ ಆಸ್ಪತ್ರೆಗೆ ತಿಳಿಸಬೇಕು. ತಲೆಗೂದಲು ಉದುರಿಹೋಗುವುದೆಂಬ ಹೆದರಿಕೆಯೂ ಹಲವರಿಗುಂಟು. ಸೊಂಟದ ಭಾಗಕ್ಕೆ ಕೊಡುವ ಕಿರಣದಿಂದ ತಲೆಗೂದಲು ಉದುರುವುದಿಲ್ಲ.

ಊಟದ ವಿಷಯದಲ್ಲಿ ನಮ್ಮ ಹೋಟೆಲು ಬಂಧುಗಳಿಗೆ ಪಾಠ ಹೇಳಬೇಕಾಗಿಲ್ಲ. ಹೊಟ್ಟೆ ಕೆಟ್ಟ ದಿನಗಳಲ್ಲಿ ಗಂಜಿ, ಮೆತ್ತಗಿನ ಅನ್ನ, ಇಡ್ಲಿ, ತೆಳುಮಜ್ಜಿಗೆ, ಬೇಯಿಸಿದ ಮೊಟ್ಟೆ ಒಗ್ಗುತ್ತವೆ. ಸೊಪ್ಪು, ಮೊಳಕೆ ಕಾಳು, ಜೋಳದ ರೊಟ್ಟಿ, ಕರಿದ ತಿಂಡಿ, ಖಾರದ ಚಟ್ನಿ ಕೆಲವು ಕಾಲ ದೂರವಿರಲಿ. ಸಂಕಷ್ಟಿ, ಏಕಾದಶಿಯ ಉಪವಾಸಗಳನ್ನು ಈ ಎರಡು ತಿಂಗಳು ನಿಲ್ಲಿಸಿದರೆ ದೇವರು ಮುನಿಯುವುದಿಲ್ಲ. ರಕ್ತಹೀನತೆಯಿದ್ದರೆ ಕಿರಣದ ಫಲ ಕುಗ್ಗುತ್ತದೆ. ಆದುದರಿಂದ ವೈದ್ಯರು ರಕ್ತ ಕೊಡಿಸಬೇಕೆಂದರೆ ತಡಮಾಡಬಾರದು. ಸಿಸ್‌ಪ್ಲಾಟಿನ್ ಮೂತ್ರಪಿಂಡಗಳಿಗೆ ಭಾರವಾಗುವ ಔಷಧ. ಅದಕ್ಕಾಗಿಯೇ ರಕ್ತಪರೀಕ್ಷೆ ಮತ್ತೆ ಮತ್ತೆ ನಡೆಯುತ್ತದೆ, ನೀರು ಹೆಚ್ಚಾಗಿ ಕುಡಿಯಹೇಳುತ್ತಾರೆ. ಊರಿನಿಂದ ತರಿಸಿದ ಬೇರು, ಪುಡಿ, ಕಷಾಯಗಳನ್ನು ವೈದ್ಯರಿಗೆ ತಿಳಿಸದೆ ಇದರೊಂದಿಗೆ ಸೇವಿಸುವುದು ಅಪಾಯಕರ. ಹೊಗೆಸೊಪ್ಪು, ಬೀಡಿಗಳನ್ನು ಬಿಡಲೇಬೇಕು.

ಒಳಗಿನ ಕಿರಣ

ಐದು ವಾರಗಳನ್ನು ಸಹಿಸಿಕೊಂಡವರೂ ಒಳಗಿನ ಕಿರಣವೆಂದ ಕೂಡಲೇ ಹಿಂಜರಿಯುವುದುಂಟು. ‘ಒಳಗೆ ಯಂತ್ರ ಹಾಕುತ್ತಾರಂತೆ’ ಎಂಬ ಮಾತು ಧರ್ಮಶಾಲೆಯ ಜಗಲಿಯ ಮೇಲೆ ಬಾಯಿಂದ ಬಾಯಿಗೆ ಬೆಳೆಯುತ್ತದೆ. ಆದರೆ ರೋಗವು ನೆಲೆಸಿದ ಜಾಗಕ್ಕೆ ಪೂರ್ಣ ಪ್ರಮಾಣದ ಕಿರಣ ಮುಟ್ಟುವುದು ಇದರಿಂದಲೇ. ಹೊರಗಿನಿಂದಲೇ ಅಷ್ಟು ಕಿರಣ ಕೊಟ್ಟರೆ ಕರುಳೂ ಮೂತ್ರಕೋಶವೂ ತಾಳಲಾರವು. ಈ ಘಟ್ಟವನ್ನು ಬಿಟ್ಟರೆ, ಗೋಡೆ ಕಟ್ಟಿ ಮಾಡು ಹೊದಿಸದೆ ಬಿಟ್ಟ ಮನೆಯಂತಾಗುತ್ತದೆ.

ಮಾಡುವುದಿಷ್ಟೇ: ಅರಿವಳಿಕೆ ಅಥವಾ ಮಂಪರಿನ ಔಷಧ ಕೊಟ್ಟು, ಸಪುರವಾದ ನಳಿಗೆಗಳನ್ನು ಯೋನಿಮಾರ್ಗದಿಂದ ಗರ್ಭಕೋಶದೊಳಗೆ ಇರಿಸುತ್ತಾರೆ. ಅವು ಅಲುಗದಂತೆ ಬಟ್ಟೆಯನ್ನು ಒತ್ತಿಡುತ್ತಾರೆ. ಸ್ಕ್ಯಾನ್ ತೆಗೆದು ಲೆಕ್ಕಹಾಕಿದ ಮೇಲೆ, ಯಂತ್ರದಿಂದ ಬರುವ ತಂತಿಯ ತುದಿಯಲ್ಲಿರುವ ಇರಿಡಿಯಮ್ಮಿನ ಸಣ್ಣ ಚೂರು ಆ ನಳಿಗೆಗಳೊಳಗೆ ಹೋಗಿ, ಕೆಲವು ನಿಮಿಷ ನಿಂತು, ಹಿಂದಕ್ಕೆ ಯಂತ್ರದೊಳಗೆ ಸೇರುತ್ತದೆ. ಕಾಯುವುದಕ್ಕೂ ಲೆಕ್ಕಕ್ಕೂ ಹಲವು ಗಂಟೆ ಹಿಡಿಯಬಹುದು. ಕಿರಣ ಕೊಡುವುದು ನಿಮಿಷಗಳಲ್ಲಿ ಮುಗಿಯುತ್ತದೆ. ಸಾಮಾನ್ಯವಾಗಿ ಇಂಥ ಮೂರರಿಂದ ಐದು ಸರದಿಗಳಿರುತ್ತವೆ. ಸೊಂಟನೋವು, ಒತ್ತಿದಂಥ ಬಾಧೆ ಇರುವುದು ನಿಜ. ಅದನ್ನು ಮುಚ್ಚಿಡದೆ ಹೇಳಿ, ನೋವಿಗೆ ಔಷಧವುಂಟೆಂಬುದನ್ನೂ ಹೇಳಬೇಕು. ಸುಳ್ಳು ಧೈರ್ಯ ಒಂದು ಸರದಿಗೆ ಮಾತ್ರ ಸಾಕಾದೀತು. ಎರಡನೆಯದಕ್ಕೆ ಆಕೆ ಬರಲಾರಳು.

ಮನೆಯವರ ಅಂಜಿಕೆ

ಈ ರೋಗಿಯ ತಟ್ಟೆ ಲೋಟಗಳನ್ನು ಬೇರೆ ಇಡುವವರನ್ನೂ, ಮಗುವನ್ನು ಆಕೆಯ ಮಡಿಲಿಗೆ ಕೊಡದವರನ್ನೂ ಕಾಣುತ್ತೇವೆ. ಇದು ಅಜ್ಞಾನದ ಕ್ರೌರ್ಯ. ಹೊರಗಿನ ಕಿರಣ ಪಡೆದವಳ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಇರಿಡಿಯಮ್ಮಿನ ಚೂರು ಯಂತ್ರಕ್ಕೆ ಮರಳಿದ ಮೇಲೆ ಒಳಗಿನ ಕಿರಣದ್ದೂ ಏನೂ ಉಳಿಯುವುದಿಲ್ಲ. ಕ್ಯಾನ್ಸರು ಮುಟ್ಟಿದರೆ, ಒಟ್ಟಿಗೆ ಉಂಡರೆ, ಮಗ್ಗುಲಲ್ಲಿ ಮಲಗಿದರೆ ಅಂಟುವ ರೋಗವಲ್ಲ. ಮಕ್ಕಳು ಆಕೆಯ ಕುತ್ತಿಗೆಗೆ ಜೋತುಬೀಳಲಿ. ಅದರಿಂದ ಆಕೆಗೆ ಬರುವ ಬಲ ಯಾವ ಮಾತ್ರೆಯಿಂದಲೂ ಬಾರದು.

ದಾಂಪತ್ಯದ ವಿಷಯವನ್ನು ಪತ್ರಿಕೆಯಲ್ಲಿ ಬರೆಯಲು ಸಂಕೋಚವಾದರೂ ಬರೆಯದಿದ್ದರೆ ದ್ರೋಹವಾದೀತು. ಈ ಚಿಕಿತ್ಸೆಯಿಂದ ಮುಟ್ಟು ನಿಲ್ಲುತ್ತದೆ. ಮುಂದೆ ಬಸಿರು ನಿಲ್ಲಲಾರದು. ಮಕ್ಕಳಿಲ್ಲದ ಎಳೆವಯಸ್ಸಿನ ಹೆಂಗಸಿಗೆ ಇದನ್ನು ಚಿಕಿತ್ಸೆಗೆ ಮೊದಲೇ ತಿಳಿಸಿ, ವೈದ್ಯರೊಂದಿಗೆ ಮಾತನಾಡಲು ಅವಕಾಶ ಕೊಡಬೇಕು. ಯೋನಿಮಾರ್ಗ ಒಣಗಿ ಕಿರಿದಾಗುವ ಸಂಭವವುಂಟು; ಅದು ಮುಚ್ಚಿಕೊಳ್ಳದಂತೆ ಬಳಸುವ ಸಾಧನವನ್ನು ನರ್ಸಮ್ಮನವರು ತೋರಿಸಿಕೊಡುತ್ತಾರೆ. ವೈದ್ಯರು ಅನುಮತಿಯಿತ್ತ ಮೇಲೆ ದಂಪತಿಗಳು ಮೊದಲಿನಂತೆ ಬಾಳಬಹುದು. ಅದರಿಂದ ರೋಗ ಮರುಕಳಿಸುವುದಿಲ್ಲ. ಆದರೆ ಗಂಡನಿಗೆ ತಾಳ್ಮೆ ಬೇಕು. ಇಂಥ ಹೆಂಡತಿಯನ್ನು ತವರಿಗೆ ಅಟ್ಟಿ ಕೈತೊಳೆದುಕೊಂಡವರೂ ಉಂಟು. ಅವರಿಗೆ ಯಾವ ಹೆಸರು ಕೊಡಬೇಕೋ ತಿಳಿಯದು.

ಚಿಕಿತ್ಸೆ ಮುಗಿದ ಮೇಲೂ ಮೊದಲ ಎರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ, ಆಮೇಲೆ ವೈದ್ಯರು ಹೇಳಿದಂತೆ, ತೋರಿಸಿಕೊಳ್ಳಬೇಕು. ತಿಂಗಳುಗಳು ಕಳೆದ ಮೇಲೆ ಮಲದಲ್ಲಿಯೋ ಮೂತ್ರದಲ್ಲಿಯೋ ರಕ್ತ ಕಂಡರೆ ಅದು ಕಿರಣದ ತಡವಾದ ಪರಿಣಾಮವೂ ಆಗಿರಬಹುದು. ಆಗ ಕಿರಣ ಕೊಟ್ಟ ಆಸ್ಪತ್ರೆಗೇ ಹೋಗಬೇಕು. ಬೇರೆ ವೈದ್ಯರಲ್ಲಿಗೆ ಹೋಗಬೇಕಾಗಿ ಬಂದರೆ, ಇಂಥ ವರ್ಷ ಇಂಥ ಜಾಗಕ್ಕೆ ಕಿರಣ ಕೊಡಲಾಗಿದೆಯೆಂಬ ಕಾಗದವನ್ನು ತೋರಿಸಬೇಕು. ಆ ಕಾಗದವನ್ನು ಜಮೀನಿನ ಪತ್ರದಂತೆ ಜೋಪಾನವಾಗಿಡುವುದು ಒಳ್ಳೆಯದು.

ಎಲ್ಲಿ? ಹೇಗೆ?

ಚಿಕಿತ್ಸೆ ಮುಂಬಯಿಯಲ್ಲಿಯೇ ಆಗಬೇಕೆಂದಿಲ್ಲ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಮಣಿಪಾಲ, ಮಂಗಳೂರುಗಳಲ್ಲಿಯೂ ಅನುಕೂಲವುಂಟು. ಚೆನ್ನೈಯವರಿಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954ರಲ್ಲಿ ಆರಂಭವಾದ ಅಡ್ಯಾರಿನ ಸಂಸ್ಥೆ, ಹೈದರಾಬಾದಿನವರಿಗೆ ಎಂ. ಎನ್. ಜೆ. ಸಂಸ್ಥೆ, ದಿಲ್ಲಿಯವರಿಗೆ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಇವೆ. ಎರಡು ತಿಂಗಳು ತಡೆಯಿಲ್ಲದೆ ಎಲ್ಲಿ ತಂಗಬಹುದೋ, ಹೊರಗಿನ ಕಿರಣದೊಂದಿಗೆ ಒಳಗಿನ ಕಿರಣದ ಅನುಕೂಲವೂ ಎಲ್ಲಿದೆಯೋ ಅಂಥ ಸ್ಥಳವನ್ನು ಮೊದಲೇ ಆರಿಸಿಕೊಳ್ಳುವುದು ಜಾಣತನ.

ಹಣದ ಚಿಂತೆಯಿಂದಲೇ ಅರ್ಧಕ್ಕೆ ಬಿಡುವವರು ಅನೇಕರು. ಆಸ್ಪತ್ರೆಗಳಲ್ಲಿ ಸಮಾಜಸೇವಾ ವಿಭಾಗವಿರುತ್ತದೆ. ಮೊದಲ ದಿನವೇ ಅಲ್ಲಿಗೆ ಹೋಗಿ, ರೇಶನ್ ಕಾರ್ಡು, ಆಧಾರ್ ಪತ್ರಗಳನ್ನು ತೋರಿಸಿ, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಿಂದಾಗಲಿ ರಾಜ್ಯ ಸರಕಾರದ ಯೋಜನೆಯಿಂದಾಗಲಿ ಏನು ದೊರೆಯುವುದೆಂದು ವಿಚಾರಿಸಬೇಕು. ಕಾರ್ಡು ಊರಿನಲ್ಲಿಯೇ ಉಳಿದು ಕೆಲಸ ಕೆಡುವುದು ನಮ್ಮವರಲ್ಲಿ ಸಾಮಾನ್ಯ, ಹೊರಡುವಾಗಲೇ ತರಬೇಕು. ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ಚಿಕಿತ್ಸೆಯ ಪ್ರಯಾಣಕ್ಕೆ ರೈಲಿನಲ್ಲಿ ರಿಯಾಯಿತಿಯುಂಟು. ಅದರ ನಮೂನೆಯನ್ನು ಆಸ್ಪತ್ರೆಯಿಂದ ಪಡೆಯಬೇಕು. ದಾದರಿನ ಗಾಡ್ಗೆ ಮಹಾರಾಜ ಧರ್ಮಶಾಲೆಯಂಥ ತಂಗುದಾಣಗಳ ವಿಷಯವನ್ನೂ ಅಲ್ಲಿಯೇ ಕೇಳಬಹುದು.

ನಡುವೆ ನಿಂತು ಮಾತನಾಡುವವರ ಹೊಣೆ

ಆಸ್ಪತ್ರೆಯ ಮಾತು ಹಿಂದಿ, ಮರಾಠಿ ಅಥವಾ ಇಂಗ್ಲಿಷು. ಊರಿನಿಂದ ಬಂದ ಹೆಂಗಸಿಗೆ ಕನ್ನಡವೋ ತುಳುವೋ ಮಾತ್ರ. ಆಗ ನಡುವೆ ನಿಲ್ಲುವವನು ಗಂಡ, ಅಣ್ಣ, ಇಲ್ಲವೆ ಕಚೇರಿಯಲ್ಲಿ ಗುಮಾಸ್ತನಾಗಿರುವ ಊರಿನ ಹುಡುಗ. ವೈದ್ಯರು ಹತ್ತು ಮಾತು ಹೇಳಿದರೆ ಆತನು ‘ಏನೂ ಇಲ್ಲ, ಹೆದರಬೇಡ ಎಂದರು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಪ್ರೀತಿಯಿಂದಲೇ ಹೀಗೆ ಮಾಡುತ್ತಾನೆ. ಆದರೆ ಆ ನುಂಗಿದ ಒಂಬತ್ತು ಮಾತುಗಳಲ್ಲಿಯೇ ಆಕೆಯ ಪ್ರಾಣವಿರುತ್ತದೆ. ಏನೂ ಇಲ್ಲವೆಂದ ಮೇಲೆ ಎಂಟು ವಾರ ಆಕೆ ಏಕೆ ಬರಬೇಕು?

ಆದುದರಿಂದ ಹೀಗೆ ನಿಲ್ಲುವವರು ರೋಗದ ಹೆಸರನ್ನು ಮುಚ್ಚಿಡದಿರಲಿ. ಸರದಿಗಳು ಎಷ್ಟು, ಯಾವ ದಿನ ಮುಗಿಯುತ್ತವೆ, ರಕ್ತ ನಿಂತರೂ ಏಕೆ ಬರಬೇಕು, ಯಾವ ಬಾಧೆಗೆ ಯಾರಿಗೆ ಹೇಳಬೇಕು ಎಂಬಿಷ್ಟನ್ನು ಒಂದು ಕಾಗದದಲ್ಲಿ ಕನ್ನಡದಲ್ಲಿ ಬರೆದು ಆಕೆಯ ಕೈಗೆ ಕೊಡಲಿ. ಓದಲು ಬಾರದಿದ್ದರೆ ಓದಿ ಹೇಳಲಿ. ಆಕೆಯ ಪ್ರಶ್ನೆಯನ್ನು ವೈದ್ಯರಿಗೆ ಮುಟ್ಟಿಸಲಿ. ಹೋಟೆಲು ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿ ಅಕ್ಷರ ಕಲಿಸಿದ ಪರಂಪರೆ ಮುಂಬಯಿ ಕನ್ನಡಿಗರದು. ನಮ್ಮ ಸಂಘಗಳು ವಾರಕ್ಕೆ ಒಂದೆರಡು ದಿನ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ಒಬ್ಬರನ್ನು, ಸಾಧ್ಯವಾದರೆ ಹೆಂಗಸೊಬ್ಬರನ್ನು, ಕೂರಿಸಿದರೆ ಅದೂ ಅದೇ ಪರಂಪರೆಯ ಮುಂದುವರಿಕೆಯಾದೀತು. ಹೋಟೆಲಿನ ಧಣಿಗಳೂ ಇಂಥ ಕಾರ್ಮಿಕನಿಗೆ ಎಂಟು ವಾರ ಪಾಳಿಯ ಅನುಕೂಲ ಮಾಡಿಕೊಡುವ ಔದಾರ್ಯವನ್ನು ತೋರಬೇಕು.

ಈ ರೋಗವನ್ನು ಬಾರದಂತೆ ತಡೆಯಲೂಬಹುದೆಂಬುದನ್ನು ಮರೆಯಬಾರದು. ಇದಕ್ಕೆ ಮೂಲವಾದ ವೈರಸ್ಸನ್ನು ಗುರುತಿಸಿದ ಜರ್ಮನಿಯ ಹರಾಲ್ಡ್ ಜ಼ುರ್ ಹೌಸೆನ್ನರಿಗೆ 2008ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಅದಕ್ಕೆ ಲಸಿಕೆಯುಂಟು, ಪುಣೆಯ ಸೀರಂ ಸಂಸ್ಥೆಯ ಲಸಿಕೆಗೆ 2022ರಲ್ಲಿ ಅನುಮತಿ ದೊರೆತಿದೆ. ಮೂವತ್ತು ದಾಟಿದ ಹೆಂಗಸರು ಆಗಾಗ ಪರೀಕ್ಷೆ ಮಾಡಿಸಿಕೊಳ್ಳಲಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಎರಡು ಮುಟ್ಟುಗಳ ನಡುವೆ ಅಥವಾ ಕೂಡಿದ ಬಳಿಕ ರಕ್ತ ಹೋದರೆ, ವಾಸನೆಯ ಬಿಳಿಸೆರಗು ಬಿಡದಿದ್ದರೆ ತಡಮಾಡದೆ ತೋರಿಸಿಕೊಳ್ಳಲಿ. ಈ ಸಲ ಊರಿಗೆ ಮಾತನಾಡುವಾಗ ಮಳೆ ಬೆಳೆಯ ಸಮಾಚಾರದೊಂದಿಗೆ ಇದನ್ನೂ ಕೇಳಿದರೆ ತಪ್ಪೇನಿಲ್ಲ.

ಈಗಾಗಲೇ ಚಿಕಿತ್ಸೆಯಲ್ಲಿರುವ ಸೋದರಿಯರಿಗೆ ಹೇಳಬೇಕಾದ ಮಾತು ಒಂದೇ. ರಕ್ತ ನಿಂತ ದಿನ ಸಂತೋಷಪಡಿರಿ. ಆದರೆ ಮರುದಿನವೂ ಆಸ್ಪತ್ರೆಗೆ ಹೋಗಿರಿ. ಕೊನೆಯ ಸರದಿ ಮುಗಿದು ವೈದ್ಯರು ಹೋಗಿಬನ್ನಿ ಎಂದ ಮೇಲೆ ಊರಿನ ಟಿಕೆಟು ತೆಗೆಸಿರಿ.